ಪ್ರೊಫೆಸರ್ ಜಿ. ಎನ್. ರಾಮಚಂದ್ರನ್

(ಅಂತಿಮ ಬಿ. ಎ. ವಿದ್ಯಾರ್ಥಿನಿ, ತಿಪ್ಪಸಂದ್ರ)

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಭೌತವಿಜ್ಞಾನಿಯ ಚರಿತ್ರೆಯನ್ನು ಬರೆಯಹೊರಟದ್ದು ವಾಚಕರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಕನ್ನಡವನ್ನೂ ಇತಿಹಾಸವನ್ನೂ ಓದುತ್ತಿರುವ ನನಗೆ ಪ್ರಯೋಗಶಾಲೆಯ ಪರಿಚಯವಿಲ್ಲ. ಆದರೂ ಈ ಮಹನೀಯರ ಹೆಸರು ನಮ್ಮ ಮನೆಯೊಳಕ್ಕೆ ಬಂದಿತು; ಬಂದ ಬಗೆಯನ್ನು ಮೊದಲು ಹೇಳುವುದು ಉಚಿತ.

ನಮ್ಮ ಊರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ತಂದೆತಾಯಿಗಳು ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವವರು. ನನ್ನ ತಮ್ಮನಿಗೆ ಹುಟ್ಟಿದಂದಿನಿಂದಲೂ ಮೂಳೆಗಳು ಗಾಜಿನಂತೆ. ತುಸು ಎಡವಿದರೂ ಮುರಿಯುತ್ತವೆ. ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಲ ಅವನ ಕೈಕಾಲುಗಳಿಗೆ ಪಟ್ಟು ಕಟ್ಟಿಸಿದ್ದೇವೆ. ಅವನನ್ನು ಹೊತ್ತಿದ್ದಾಗ ನಮ್ಮ ತಾಯಿ ಗ್ರಹಣದ ದಿನ ಕುಡುಗೋಲು ಹಿಡಿದು ಸೊಪ್ಪು ಕೊಯ್ದಳೆಂದೂ, ಅದರ ಫಲವೇ ಇದೆಂದೂ ನೆರೆಹೊರೆಯವರು ಆಡಿಕೊಂಡರು. ಹುಳುಗಳು ಗ್ರಹಣವೆಂದು ಉಪವಾಸ ಮಾಡುವುದಿಲ್ಲವಷ್ಟೆ; ಸೊಪ್ಪು ಕೊಯ್ಯದೆ ಬೇರೆ ಗತಿಯಿರಲಿಲ್ಲ. ಆದರೆ ತಾಯಿ ಆ ಮಾತನ್ನು ನಂಬಿಬಿಟ್ಟಳು.

ಎರಡು ವರ್ಷಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಮ್ಮನ ರಕ್ತವನ್ನು ಪರೀಕ್ಷಿಸಿ ಒಂದು ಕಾಗದ ಕೊಟ್ಟರು. ಕೊಲಾಜೆನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ ಗ್ಲೈಸೀನ್ ಇರಬೇಕಾದ ಒಂದು ಎಡೆಯಲ್ಲಿ ಸೆರೀನ್ ಬಂದು ಕುಳಿತಿದೆ ಎಂಬುದು ಅದರ ಸಾರಾಂಶ. ಸಾವಿರ ಮಣಿಗಳ ಸರದಲ್ಲಿ ಒಂದು ಮಣಿ ಬದಲಾದರೆ ಎಲುಬು ಏಕೆ ಮುರಿಯಬೇಕು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ದಾರಿಯ ಕೊನೆಯಲ್ಲಿ ಕಂಡವರು ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಅವರು.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು ೧೯೨೨ನೆಯ ಇಸವಿ ಅಕ್ಟೋಬರ್ ೮ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅವರು ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಗಣಿತದ ಮೇಲಣ ಒಲವು ಮಗನಿಗೆ ಮನೆಯಲ್ಲಿಯೇ ದೊರೆತ ಆಸ್ತಿಯೆನ್ನಬಹುದು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದು, ೧೯೪೨ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಅದೇ ಆವರಣದಲ್ಲಿ ಸರ್ ಸಿ. ವಿ. ರಾಮನ್ ಅವರಿದ್ದರು. ತರುಣನ ಬುದ್ಧಿಯ ಹೊಳಪನ್ನು ಕಂಡ ರಾಮನ್ನರು ಅವರನ್ನು ಭೌತವಿಜ್ಞಾನ ವಿಭಾಗಕ್ಕೆ ಕರೆದುಕೊಂಡರು. ಅಲ್ಲಿ ಬೆಳಕಿನ ಗುಣಗಳನ್ನೂ ಕ್ಷ-ಕಿರಣಗಳಿಂದ ವಜ್ರದ ರಚನೆಯನ್ನೂ ಅಭ್ಯಾಸ ಮಾಡಿ, ೧೯೪೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಡಿ. ಎಸ್‌ಸಿ. ಪದವಿಯನ್ನು ಗಳಿಸಿದರು. ನಡುವೆ ೧೯೪೫ರಲ್ಲಿ ರಾಜಲಕ್ಷ್ಮಿಯವರೊಡನೆ ವಿವಾಹವಾಯಿತು.

ಅನಂತರ ಎರಡು ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವೂಸ್ಟರ್ ಅವರ ಬಳಿ ಸಂಶೋಧನೆ ನಡೆಸಿ, ೧೯೪೯ರಲ್ಲಿ ಅಲ್ಲಿಯ ಪಿಎಚ್. ಡಿ. ಪದವಿಯನ್ನೂ ಪಡೆದು ಬೆಂಗಳೂರಿಗೆ ಮರಳಿದರು. ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಭೌತವಿಜ್ಞಾನದ ಹೊಸ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿದ್ದಿತು. ಉಪಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ರಾಮನ್ನರನ್ನು ಕೇಳಲು, ರಾಮನ್ನರು ತಾವು ಬಾರದೆ ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ ಮೂವತ್ತು ತುಂಬುವ ವಯಸ್ಸಿನಲ್ಲಿಯೇ ರಾಮಚಂದ್ರನ್ ಅವರು ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಹೊಸ ವಿಭಾಗಕ್ಕೆ ಹೊಸ ವಿಷಯ ಬೇಕಾಗಿದ್ದಿತು. ಆ ದಿನಗಳಲ್ಲಿ ಮದರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲ್ ಅವರು, ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ತೃಪ್ತಿಕರವಾಗಿ ಬಿಡಿಸಲಾಗದ ಒಗಟಾಗಿದೆಯೆಂದು ತಿಳಿಸಿದರು. ಕೊಲಾಜೆನ್ ಅಪರೂಪದ ವಸ್ತುವೇನೂ ಅಲ್ಲ. ನಮ್ಮ ಚರ್ಮ, ನರ, ಸ್ನಾಯುರಜ್ಜು, ಮೂಳೆ ಎಲ್ಲಕ್ಕೂ ಬಿಗುವನ್ನು ಕೊಡುವುದು ಇದೇ. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಮಿಗಿಲಾಗಿ ಇರುವುದು ಕೊಲಾಜೆನ್ನೇ. ಮದರಾಸಿನ ಕೇಂದ್ರ ಚರ್ಮ ಸಂಶೋಧನಾಲಯದಲ್ಲಿ ಕಾಂಗರೂವಿನ ಬಾಲದ ರಜ್ಜು ದೊರೆಯಿತು. ಅದರೊಳಗೆ ಕ್ಷ-ಕಿರಣವನ್ನು ಹಾಯಿಸಿ ಚಿತ್ರ ತೆಗೆದು, ಗೋಪಿನಾಥ ಕರ್ತಾ ಎಂಬ ಸಹಾಯಕರೊಡನೆ ರಾಮಚಂದ್ರನ್ ಅವರು ಕೆಲಸಕ್ಕೆ ಕುಳಿತರು.

ಇಲ್ಲಿ ಪ್ರೋಟೀನಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಪ್ರೋಟೀನೆಂಬುದು ಮಣಿಗಳನ್ನು ಪೋಣಿಸಿದ ಸರದಂತಹುದು. ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಇವು ಮುಖ್ಯವಾಗಿ ಇಪ್ಪತ್ತು ಬಗೆ. ಯಾವ ಮಣಿಯ ಮುಂದೆ ಯಾವುದು ಬರುತ್ತದೆಂಬ ಅನುಕ್ರಮದಿಂದಲೇ ಸರದ ಆಕಾರವೂ ಕೆಲಸವೂ ನಿರ್ಣಯವಾಗುತ್ತವೆ. ಎಲ್ಲಕ್ಕಿಂತ ಚಿಕ್ಕ ಮಣಿ ಗ್ಲೈಸೀನ್. ಬೇರೆಯವುಗಳಿಗೆ ಪಕ್ಕದಲ್ಲಿ ದೊಡ್ಡದೋ ಸಣ್ಣದೋ ಒಂದು ಕೊಂಬೆಯಿದ್ದರೆ, ಇದಕ್ಕೆ ಒಂದೇ ಒಂದು ಹೈಡ್ರೋಜನ್ ಪರಮಾಣು ಮಾತ್ರ.

ಕೊಲಾಜೆನ್ನನ್ನು ಒಡೆದು ತೂಗಿ ನೋಡಿದ್ದವರಿಗೆ ಅದರಲ್ಲಿ ಮೂರನೆಯ ಒಂದು ಪಾಲು ಗ್ಲೈಸೀನೆಂಬುದು ತಿಳಿದಿದ್ದಿತು. ಆದರೆ ಮಣಿಗಳ ಅನುಕ್ರಮವನ್ನು ಯಾರೂ ಓದಿರಲಿಲ್ಲ. ಇನ್ಸುಲಿನ್ ಎಂಬ ಐವತ್ತೊಂದು ಮಣಿಗಳ ಪ್ರೋಟೀನಿನ ಅನುಕ್ರಮವನ್ನು ಸ್ಯಾಂಗರ್ ಅವರು ಪೂರ್ತಿಯಾಗಿ ಬಿಡಿಸಿದ್ದೇ ೧೯೫೫ರಲ್ಲಿ. ಹೀಗಿರಲು ೧೯೫೪ರ ಆಗಸ್ಟ್ ತಿಂಗಳ ನೇಚರ್ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಕರ್ತಾ ಅವರು ಒಂದು ರಚನೆಯನ್ನು ಮಂಡಿಸಿದರು. ಮೂರು ಸರಪಳಿಗಳು ಒಟ್ಟಿಗೆ ಸೇರಿ ನಿಲ್ಲುತ್ತವೆ. ಪ್ರತಿ ಸರಪಳಿಯ ಪ್ರತಿ ಮೂರನೆಯ ಮಣಿ ಒಳಮುಖವಾಗಿ ನಡುವಿನ ಇಕ್ಕಟ್ಟಿಗೆ ಬರುತ್ತದೆ. ಆ ಇಕ್ಕಟ್ಟಿನಲ್ಲಿ ಗ್ಲೈಸೀನಿಗಲ್ಲದೆ ಬೇರೊಂದಕ್ಕೆ ಎಡೆಯಿಲ್ಲ. ಆದುದರಿಂದ ಮೂರಕ್ಕೊಂದು ಗ್ಲೈಸೀನ್ ಎಂಬುದು ಬರಿಯ ಲೆಕ್ಕವಲ್ಲ, ಅದು ತಪ್ಪದೆ ಪ್ರತಿ ಮೂರನೆಯ ಸ್ಥಾನದಲ್ಲಿಯೇ ಇರಬೇಕು. ಮರುವರ್ಷ ಅವರೇ ಈ ರಚನೆಯನ್ನು ತಿದ್ದಿ, ಮೂರು ಎಳೆಗಳು ಹಗ್ಗದಂತೆ ಒಂದನ್ನೊಂದು ಹುರಿಗೊಂಡಿವೆಯೆಂದು ತೋರಿಸಿದರು. ಸರವನ್ನು ಓದುವುದಕ್ಕೆ ಮುಂಚೆಯೇ ಸರದಲ್ಲಿ ಯಾವ ವಿನ್ಯಾಸವಿರಬೇಕೆಂದು ಹೇಳಿದುದು ಸಾಮಾನ್ಯ ಸಾಹಸವಲ್ಲ. ಮುಂದೆ ಕೊಲಾಜೆನ್ನಿನ ಅನುಕ್ರಮವನ್ನು ಓದಲು ಸಾಧ್ಯವಾದಾಗ ಈ ಮಾತು ನಿಜವಾಯಿತು.

ಆದರೆ ಹೊಗಳಿಕೆಯ ಜೊತೆಯಲ್ಲಿಯೇ ಟೀಕೆಯೂ ಬಂದಿತು. ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳು ೧೯೫೫ರಲ್ಲಿ ಮದರಾಸಿನ ರಚನೆಯನ್ನು ಬದಲಾಯಿಸಿ ತಮ್ಮದೊಂದನ್ನು ಮಂಡಿಸಿದರು. ಹುರಿಗೊಂಡ ಮೂರೆಳೆಗಳ ಮೂಲ ಕಲ್ಪನೆಯನ್ನು ಒಪ್ಪಿಕೊಂಡು, ಮದರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಸಮೀಪ ಬಂದಿವೆಯೆಂದು ಆಕ್ಷೇಪಿಸಿದರು. ಕ್ರಿಕ್ ಅವರು ಎರಡು ವರ್ಷಗಳ ಹಿಂದೆಯಷ್ಟೇ ಡಿ. ಎನ್. ಎ.ಯ ರಚನೆಯನ್ನು ತಿಳಿಸಿ ಹೆಸರಾದವರು. ಮದರಾಸಿನ ತರುಣ ಪ್ರಾಧ್ಯಾಪಕರು ಅಂತಹವರ ಮಾತಿಗೆ ಅಂಜಿ ಸುಮ್ಮನಾಗಬಹುದಾಗಿದ್ದಿತು, ಅಥವಾ ಕೋಪಗೊಂಡು ಕಾಗದದ ಮೇಲೆ ಕಾದಾಡಬಹುದಾಗಿದ್ದಿತು. ಅವರು ಎರಡನ್ನೂ ಮಾಡಲಿಲ್ಲ. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡರು. ಅದುವರೆಗೆ ರಚನೆ ತಿಳಿದಿದ್ದ ಸ್ಫಟಿಕಗಳ ವರದಿಗಳನ್ನೆಲ್ಲ ಒಂದೊಂದಾಗಿ ತೆರೆದು, ಜೋಡಿ ಜೋಡಿ ಪರಮಾಣುಗಳ ನಡುವಣ ಅಂತರಗಳನ್ನು ಪಟ್ಟಿ ಮಾಡಿಸಿದರು. ಸಮೀಪಕ್ಕೂ ಒಂದು ಎಲ್ಲೆಯಿದೆಯೆಂದೂ, ಆ ಎಲ್ಲೆ ಟೀಕಾಕಾರರು ತಿಳಿದಿದ್ದುದಕ್ಕಿಂತ ಕಿರಿದೆಂದೂ ಪಟ್ಟಿಯಿಂದ ತಿಳಿದುಬಂದಿತು.

ಆಕ್ಷೇಪಣೆಗೆ ಉತ್ತರವಾಗಿ ತೊಡಗಿದ ಕೆಲಸದಿಂದ ಆಕ್ಷೇಪಣೆಗಿಂತಲೂ ದೊಡ್ಡ ಫಲ ದೊರೆಯಿತು. ಸರದ ಪ್ರತಿ ಮಣಿಯ ಬಳಿ ಎರಡು ಕೀಲುಗಳಿವೆ. ಕೀಲು ತಿರುಗುವ ಕೋನಗಳಿಗೆ ಗ್ರೀಕ್ ಅಕ್ಷರಗಳಿಂದ ಫೈ, ಸೈ ಎಂದು ಹೆಸರು. ಎರಡು ಕೋನಗಳನ್ನು ಒಂದೊಂದಾಗಿ ಬದಲಾಯಿಸುತ್ತ, ಯಾವ ನಿಲುವಿನಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಹೊಡೆಯುವುದಿಲ್ಲ ಎಂದು ಲೆಕ್ಕ ಹಾಕಿ ಚೌಕಾಕಾರದ ನಕಾಶೆಯೊಂದರಲ್ಲಿ ಗುರುತಿಸಿದರು. ನಕಾಶೆಯ ಹೆಚ್ಚಿನ ಪಾಲು ನಿಷಿದ್ಧ. ಕೆಲವೇ ದ್ವೀಪಗಳು ಮಾತ್ರ ಸಾಧ್ಯ. ಗ್ಲೈಸೀನಿಗೆ ಕೊಂಬೆಯಿಲ್ಲದಿರುವುದರಿಂದ ಅದಕ್ಕೆ ಹೆಚ್ಚು ಸ್ವಾತಂತ್ರ್ಯ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ೧೯೬೩ರಲ್ಲಿ ಪ್ರಕಟಿಸಿದ ಈ ನಕಾಶೆಗೆ ಲೋಕವು ರಾಮಚಂದ್ರನ್ ನಕ್ಷೆಯೆಂದು ಹೆಸರಿಟ್ಟಿದೆ. ಮೇಜಿನ ಮೇಲಿಡುವ ಲೆಕ್ಕದ ಯಂತ್ರವನ್ನು ಕೈಯಿಂದ ಒತ್ತುತ್ತ ದಿನಗಟ್ಟಲೆ ಮಾಡಿದ ಗಣನೆಯಿದು. ಇಂದಿಗೂ ಯಾವ ದೇಶದಲ್ಲಿಯೇ ಆಗಲಿ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೆ, ಅದು ಸರಿಯೋ ತಪ್ಪೋ ಎಂದು ನೋಡುವ ಒರೆಗಲ್ಲುಗಳಲ್ಲಿ ಈ ನಕ್ಷೆ ಮುಖ್ಯವಾದುದು.

೧೯೭೦ರ ಸುಮಾರಿಗೆ ಅವರು ಮದರಾಸನ್ನು ಬಿಟ್ಟರು. ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ವಿಜ್ಞಾನ ಮಂದಿರವು ಹಳೆಯ ವಿದ್ಯಾರ್ಥಿಯನ್ನು ಬರಮಾಡಿಕೊಂಡಿತು. ಅಲ್ಲಿ ೧೯೭೧ರಲ್ಲಿ ಅವರು ಕಟ್ಟಿದ ಅಣುಜೀವಭೌತ ವಿಭಾಗ ಇಂದಿಗೂ ನಡೆಯುತ್ತಿದೆ. ಅದೇ ವರ್ಷ ಲಕ್ಷ್ಮೀನಾರಾಯಣನ್ ಎಂಬುವರೊಡನೆ ಇನ್ನೊಂದು ಲೇಖನ ಬರೆದರು. ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣದ ನೆರಳುಗಳಿಂದ ಒಳಗಣ ಚಿತ್ರವನ್ನು ಗಣಿತದ ಮೂಲಕ ಮರಳಿ ಕಟ್ಟುವ ಸುಲಭ ಮಾರ್ಗವದು. ಆಸ್ಪತ್ರೆಗಳ ಸಿ. ಟಿ. ಸ್ಕ್ಯಾನ್ ಯಂತ್ರಗಳಿಗೆ ಈ ಬಗೆಯ ಗಣನೆ ಬಹಳ ಉಪಕಾರಿಯಾಯಿತು. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿಕೊಂಡಿತು. ನೊಬೆಲ್ ಪಾರಿತೋಷಕ ಮಾತ್ರ ಬರಲಿಲ್ಲ.

ಇನ್ನು ಅನುಕ್ರಮಗಳ ವಿಷಯಕ್ಕೆ ಬರೋಣ. ಪ್ರೋಟೀನುಗಳ ಅನುಕ್ರಮಗಳು ಒಂದೊಂದಾಗಿ ತಿಳಿಯತೊಡಗಿದಂತೆ ಅವನ್ನು ಒಂದೆಡೆ ಕೂಡಿಡುವ ಅಗತ್ಯ ಉಂಟಾಯಿತು. ಅಮೆರಿಕೆಯ ಮಾರ್ಗರೆಟ್ ಡೇಹಾಫ್ ಎಂಬ ವಿದುಷಿ ೧೯೬೫ರಲ್ಲಿ ಅಂದಿಗೆ ತಿಳಿದಿದ್ದ ಅನುಕ್ರಮಗಳನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಿದರು. ಒಂದೊಂದು ಮಣಿಗೂ ಒಂದೊಂದೇ ರೋಮನ್ ಅಕ್ಷರವನ್ನು ಕೊಡುವ ಪದ್ಧತಿ ಅವರ ಶ್ರಮದಿಂದ ನೆಲೆಗೊಂಡಿತು. ಅದರಂತೆ ಗ್ಲೈಸೀನಿಗೆ ಜಿ, ಅಲನೀನಿಗೆ ಎ, ಸೆರೀನಿಗೆ ಎಸ್. ಹೀಗೆ ಪ್ರೋಟೀನು ಒಂದು ಬರಹವಾಯಿತು. ಬರಹವಾದುದರಿಂದ ಗಣಕಯಂತ್ರಕ್ಕೆ ಓದಲು ಬಂದಿತು. ೧೯೮೦ರ ದಶಕದ ಕೊನೆಯಲ್ಲಿ ಜಿನೀವಾದ ಏಮಸ್ ಬೈರೋಕ್ ಅವರು, ಬೇರೆ ಬೇರೆ ಪ್ರೋಟೀನುಗಳಲ್ಲಿ ಮರುಕಳಿಸುವ ಚಿಕ್ಕ ವಿನ್ಯಾಸಗಳನ್ನು ಸೂತ್ರರೂಪವಾಗಿ ಬರೆದು ಪ್ರೊಸೈಟ್ ಎಂಬ ಕೋಶವನ್ನು ಆರಂಭಿಸಿದರು. ಈ ಸ್ಥಾನದಲ್ಲಿ ಇಂಥದೇ ಅಕ್ಷರ, ಇಲ್ಲಿ ಇವೆರಡರಲ್ಲಿ ಒಂದು, ಇಲ್ಲಿ ಯಾವುದಾದರೂ ಸರಿ, ಇಲ್ಲಿ ಇದೊಂದು ಕೂಡದು ಎಂಬುದು ಸೂತ್ರದ ರೀತಿ. ಸೂತ್ರವನ್ನು ಕೊಟ್ಟರೆ ಯಂತ್ರವು ಲಕ್ಷಾಂತರ ಅನುಕ್ರಮಗಳನ್ನು ಜಾಲಾಡಿ ಹೊಂದುವ ಎಡೆಗಳನ್ನು ತೋರಿಸುತ್ತದೆ.

ಕನ್ನಡ ತರಗತಿಯಲ್ಲಿ ಛಂದಸ್ಸನ್ನು ಓದಿದವರಿಗೆ ಇದು ಹೊಸತೇನಲ್ಲ. ಮೂರು ಅಕ್ಷರಕ್ಕೊಂದು ಗಣ. ಗುರುವಿನ ಮುಂದೆ ಎರಡು ಲಘು ಬಂದರೆ ಭಗಣ. ಕೊಲಾಜೆನ್ನಿನ ಗಣವೂ ಮೂರು ಮಣಿಗಳದೇ: ಮೊದಲನೆಯದು ಜಿ, ಮುಂದಿನ ಎರಡು ಯಾವುವಾದರೂ ಆಗಬಹುದು. ಒಂದು ಭಗಣ ಕಂಡ ಮಾತ್ರಕ್ಕೆ ಪದ್ಯವು ಉತ್ಪಲಮಾಲೆಯೆನ್ನಲಾಗದು. ಸಂತೆಯ ಮಾತಿನಲ್ಲಿಯೂ ಭಗಣ ಬರುತ್ತದೆ. ಹಾಗೆಯೇ ಚಿಕ್ಕ ಸೂತ್ರಕ್ಕೆ ಅರ್ಥವಿಲ್ಲದ ಹೊಂದಿಕೆಗಳು ಎಷ್ಟೋ ಸಿಗುತ್ತವೆ. ಪ್ರೋಟೀನುಗಳಲ್ಲಿ ಗ್ಲೈಸೀನ್ ಸರಾಸರಿ ಹದಿನಾಲ್ಕಕ್ಕೊಂದು ಎನ್ನಬಹುದು. ಮೂರು ಸಾಲು ಗಣಗಳ ಮೊದಲಲ್ಲಿ ಜಿ ಆಕಸ್ಮಿಕವಾಗಿ ಬೀಳುವ ಸಂಭವ ಹದಿನಾಲ್ಕನ್ನು ಮೂರು ಸಲ ಗುಣಿಸಿದರೆ ಬರುವ ೨೭೪೪ಕ್ಕೆ ಒಂದು. ಮನುಷ್ಯನ ಸುಮಾರು ಇಪ್ಪತ್ತು ಸಾವಿರ ಪ್ರೋಟೀನುಗಳಲ್ಲಿ ಒಟ್ಟು ಒಂದು ಕೋಟಿಗೂ ಮೇಲೆ ಮಣಿಗಳಿರುವುದರಿಂದ, ಅಂತಹ ಪೊಳ್ಳು ಹೊಂದಿಕೆಗಳೇ ನಾಲ್ಕು ಸಾವಿರದಷ್ಟು ಸಿಕ್ಕಾವು. ಆದರೆ ಹತ್ತು ಗಣಗಳವರೆಗೆ ಜಿ ತಪ್ಪದೆ ಬರಬೇಕೆಂದು ಕೇಳಿದರೆ, ಸಂಭವವು ಇಪ್ಪತ್ತೆಂಟು ಸಾವಿರ ಕೋಟಿಗೆ ಒಂದಕ್ಕಿಂತಲೂ ಕಡಮೆ. ಆಗ ಸಿಕ್ಕಿದ್ದು ಆಕಸ್ಮಿಕವಲ್ಲ. ಹೀಗೆ ಹುಡುಕಿದಾಗ ಮೂಳೆ ಚರ್ಮಗಳ ಆಚೆಗೂ, ರಕ್ತದಲ್ಲಿ ರೋಗಾಣುಗಳನ್ನು ಗುರುತಿಸುವ ಸಿ-೧-ಕ್ಯೂ ಎಂಬ ಪ್ರೋಟೀನಿನಲ್ಲಿ, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಸಹ, ಇದೇ ಗಣ ಸಾಲುಸಾಲಾಗಿ ಕಾಣುತ್ತದೆ.

ಕಾಲೇಜಿನ ಗಣಕ ಕೊಠಡಿಯಲ್ಲಿ ಅಧ್ಯಾಪಕರೊಬ್ಬರ ನೆರವಿನಿಂದ ನಾನು ಎರಡು ಅನುಕ್ರಮಗಳನ್ನು ತೆರೆದು ನೋಡಿದೆನು. ಇವು ಲೋಕದ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಮೊದಲನೆಯದು ನಮ್ಮ ಮನೆಯ ತಟ್ಟೆಗಳಲ್ಲಿ ಹುಳುಗಳು ನೂಲುವ ರೇಷ್ಮೆಯ ಫೈಬ್ರೋಯಿನ್. ಐದು ಸಾವಿರಕ್ಕೂ ಮಿಗಿಲಾದ ಮಣಿಗಳ ಸರ. ಅರ್ಧಕ್ಕೆ ಸಮೀಪ ಗ್ಲೈಸೀನ್. ಜಿ, ಎ, ಜಿ, ಎ, ಜಿ, ಎಸ್ ಎಂದು ಪುಟದ ತುಂಬ ಮಗ್ಗದ ಸದ್ದಿನಂತೆ ಮರುಕಳಿಸುತ್ತದೆ. ಒಂದು ಬಿಟ್ಟು ಒಂದು ಗ್ಲೈಸೀನ್ ಇರುವುದರಿಂದಲೇ ಎಳೆಗಳು ಹಾಳೆಗಳಂತೆ ಒಂದರ ಮೇಲೊಂದು ಒತ್ತಾಗಿ ಕೂಡುತ್ತವೆ. ನೂಲಿಗೆ ಅದೇ ಬಲ. ಎರಡನೆಯದು ಮನುಷ್ಯನ ಮೂಳೆಯ ಕೊಲಾಜೆನ್. ಅದರ ಹುರಿಗೊಂಡ ಭಾಗದಲ್ಲಿ ೧೦೧೪ ಮಣಿಗಳು, ಅಂದರೆ ೩೩೮ ಗಣಗಳು. ಪ್ರತಿಯೊಂದರ ಮೊದಲಲ್ಲಿಯೂ ಜಿ. ಯಂತ್ರವು ಅವನ್ನೆಲ್ಲ ಬಣ್ಣದಿಂದ ಗುರುತಿಸಿತು, ಒಂದೂ ತಪ್ಪಿರಲಿಲ್ಲ. ಆಮೇಲೆ ಆಸ್ಪತ್ರೆಯ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಹೇಳಿದ ಸ್ಥಾನದ ಜಿ ಅಕ್ಷರವನ್ನು ಅಳಿಸಿ ಎಸ್ ಎಂದು ಬರೆದು ಮತ್ತೆ ಹುಡುಕಿಸಿದೆನು. ಬಣ್ಣದ ಸಾಲು ಒಂದು ಕಡೆ ಕಡಿದುಹೋಯಿತು. ಸೆರೀನ್ ದೊಡ್ಡ ಮಣಿಯೇನಲ್ಲ, ಆದರೂ ಆ ಇಕ್ಕಟ್ಟಿಗೆ ಅದು ದೊಡ್ಡದೇ. ಹಗ್ಗವು ಅಲ್ಲಿ ಸರಿಯಾಗಿ ಹುರಿಗೊಳ್ಳುವುದಿಲ್ಲ. ತಮ್ಮನ ಕೈ ಮುರಿಯುವ ಕಾರಣವನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಅದೇ ಕಾಗದದಲ್ಲಿ ತಂದೆತಾಯಿಗಳ ರಕ್ತದ ವಿಚಾರವೂ ಇದ್ದಿತು. ಇಬ್ಬರಲ್ಲಿಯೂ ಈ ಬದಲಾವಣೆಯಿಲ್ಲ. ತಮ್ಮನಲ್ಲಿ ಅದು ಹೊಸದಾಗಿ ಹುಟ್ಟಿಕೊಂಡದ್ದು. ಕೋಟ್ಯಂತರ ಅಕ್ಷರಗಳನ್ನು ನಕಲು ಮಾಡುವಾಗ ಪ್ರಕೃತಿಯ ಕೈ ಒಂದೆಡೆ ಜಾರುವುದುಂಟು. ಇದಕ್ಕೆ ಗ್ರಹಣವಾಗಲಿ, ಕುಡುಗೋಲಾಗಲಿ ಕಾರಣವಲ್ಲ.

ರಾಮಚಂದ್ರನ್ ಅವರ ಕೊನೆಯ ದಿನಗಳನ್ನು ಹೇಳಿ ಮುಗಿಸುತ್ತೇನೆ. ೧೯೭೦ರ ದಶಕದ ಕೊನೆಯಿಂದ ಅವರ ಮನಸ್ಸು ಪ್ರೋಟೀನುಗಳಿಂದ ತರ್ಕಶಾಸ್ತ್ರದ ಕಡೆಗೆ ತಿರುಗಿತು. ಜೈನರ ಸ್ಯಾದ್ವಾದವನ್ನೂ ಇಂದಿನ ಗಣಿತವನ್ನೂ ಹೊಂದಿಸುವ ಯತ್ನದಲ್ಲಿ ಅವರು ಹಲವು ವರ್ಷ ತೊಡಗಿದ್ದರು. ವೃದ್ಧಾಪ್ಯದಲ್ಲಿ ಪಾರ್ಕಿನ್ಸನ್ ರೋಗ ಅವರನ್ನು ಬಾಧಿಸಿತು. ೧೯೯೮ರಲ್ಲಿ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡರು. ಮರುವರ್ಷ ಸ್ಫಟಿಕ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘವು ಇವಾಲ್ಡ್ ಪಾರಿತೋಷಕವನ್ನು ಕೊಟ್ಟು ಗೌರವಿಸಿತು. ೨೦೦೧ರ ಏಪ್ರಿಲ್ ೭ರಂದು ಚೆನ್ನೈನಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ಕಾಲವಾದರು.

ದೊಡ್ಡವರ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು ಎಂದು ಇಂತಹ ಲೇಖನಗಳ ಕೊನೆಯಲ್ಲಿ ಕೇಳುವುದು ವಾಡಿಕೆ. ಟೀಕೆ ಬಂದಾಗ ಸಿಟ್ಟಾಗದೆ ಲೆಕ್ಕಕ್ಕೆ ಕುಳಿತುಕೊಳ್ಳುವುದು ಒಂದು ಪಾಠ. ದೊಡ್ಡ ಯಂತ್ರವಿಲ್ಲವೆಂದು ಕೈಕಟ್ಟಿ ಕೂರದೆ ಇದ್ದುದರಲ್ಲಿಯೇ ಕೆಲಸ ಮಾಡುವುದು ಇನ್ನೊಂದು. ಸರ್ಕಾರಿ ಕಾಲೇಜಿನ ನಮಗೆ ಎರಡನೆಯದು ಹೆಚ್ಚು ಹತ್ತಿರದ್ದು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ತಾಯಿಗೆ ತಿಳಿಸಲು ಯತ್ನಿಸಿದೆನು. ಮೂರು ಎಳೆ ರೇಷ್ಮೆಯನ್ನು ತೆಗೆದುಕೊಂಡು ಹುರಿಮಾಡಿ, ನಡುವೆ ಒಂದು ರಾಗಿಯ ಕಾಳನ್ನು ಸಿಕ್ಕಿಸಿ ತೋರಿಸಿದೆನು. ಕಾಳು ಇದ್ದೆಡೆಯಲ್ಲಿ ಹುರಿ ಸಡಿಲವಾಯಿತು. ತಾಯಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆ ಕಾಳನ್ನು ಅಲ್ಲಿಟ್ಟವಳು ತಾನಲ್ಲವೆಂದು ಅವಳು ಪೂರ್ತಿ ನಂಬಿದಳೋ ಇಲ್ಲವೋ ನಾನು ಅರಿಯೆ. ಆದರೆ ಈಚೆಗೆ ಗ್ರಹಣದ ಮಾತನ್ನು ಯಾರಾದರೂ ಎತ್ತಿದರೆ ಅವಳು ತಲೆ ತಗ್ಗಿಸುವುದಿಲ್ಲ. ಎದ್ದು ಸೊಪ್ಪು ಹಾಕಲು ಹೋಗುತ್ತಾಳೆ.